ಗುರುವಾರ ರಾತ್ರಿ ಒಂದೂವರೆಯ ವಿಮಾನ

ಬಸ್ ನಿಲ್ದಾಣಕ್ಕೆ ಹೊಸದಾಗಿ ಸೇರಿರುವ ಹುಡುಗರು ನಾನು ಸಂಜೆ ಆ ಕಡೆ ಹೋದರೆ ಬೆಂಚಿನ ಮೇಲೆ ಕೂರಿಸಿಕೊಳ್ಳುತ್ತಾರೆ. “ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್, ಹೇಳಿ” ಎನ್ನುತ್ತಾರೆ. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಯಾವುದೋ ಬಸ್ಸು ಬರುತ್ತದೆ, ಮೈಕಿನಲ್ಲಿ ಕೂಗಲು ಎದ್ದು ಹೋಗುತ್ತಾರೆ. ಮತ್ತೆ ಬಂದು ಕೂತಾಗ ಎಲ್ಲಿಗೆ ಬಿಟ್ಟಿದ್ದೆ ಎಂಬುದು ಅವರಿಗೂ ನೆನಪಿರುವುದಿಲ್ಲ, ನನಗೂ ಇರುವುದಿಲ್ಲ. ಹೀಗಾಗಿ ಬರೆದಿಡುವುದೇ ವಾಸಿ ಅನ್ನಿಸಿತು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ನಾನು ಕೆಲಸ ಶುರುಮಾಡಿದ್ದು ಶಿರಾಳಕೊಪ್ಪದಲ್ಲಿ, ಖಾಸಗಿ ಬಸ್ಸಿನ ಏಜೆಂಟನಾಗಿ. ಐವತ್ತರ ದಶಕದ ಕೊನೆಯ ವರ್ಷಗಳು. ಆಫೀಸು ಎಂದರೆ ರಸ್ತೆಗೆ ಮುಖಮಾಡಿದ ಒಂದು ಕೋಣೆ, ಒಂದು ಟೇಬಲ್ಲು, ಒಂದು ಬೆಂಚು, ಮಾಲೀಕರ ಮನೆಯಲ್ಲಿ ಬೇಡವಾಗಿ ಇಲ್ಲಿಗೆ ಬಂದಿದ್ದ ಒಂದು ಗೋಡೆ ಗಡಿಯಾರ. ನಮ್ಮದು ಎರಡೇ ಬಸ್ಸು. ಒಂದು ಸೊರಬದ ಕಡೆ ಓಡಾಡಿಕೊಂಡಿತ್ತು. ಇನ್ನೊಂದು ಬೆಳಿಗ್ಗೆ ಶಿಕಾರಿಪುರ ಬಿಟ್ಟು, ಶಿರಾಳಕೊಪ್ಪಕ್ಕೆ ಬಂದು, ಆನವಟ್ಟಿ, ಹಾನಗಲ್ಲಿನ ಮೇಲೆ ಹಾವೇರಿಗೆ ಹೋಗಿ ರೈಲಿಗೆ ಜನರನ್ನು ಮುಟ್ಟಿಸಿ, ಮಾರನೆಯ ದಿನ ಸಂಜೆಗೆ ವಾಪಸು ಬರುತ್ತಿತ್ತು. ಅದರ ಜೋಡಿ ಬಸ್ಸು ಇನ್ನೊಬ್ಬ ಮಾಲೀಕರದು, ಎರಡಕ್ಕೂ ಟಿಕೆಟ್ ಕೊಡುವವನು ನಾನೇ, ಹೀಗಾಗಿ ದಿನಾ ಒಂದು ಹೋಗುವುದು, ಒಂದು ಬರುವುದು ಇದ್ದೇ ಇತ್ತು.

ಏಜೆಂಟನ ಕೆಲಸ ಟಿಕೆಟ್ ಹರಿಯುವುದು ಎಂದು ನೀವು ತಿಳಿದಿದ್ದರೆ ತಪ್ಪು. ಕೇಳಿದ್ದಕ್ಕೆ ಉತ್ತರ ಹೇಳುವುದೇ ಕೆಲಸ. ಜನ ಕೇಳುವುದೂ ಎರಡೇ: ಎಷ್ಟು ದೂರ, ಎಷ್ಟೊತ್ತಿಗೆ. ದೂರವನ್ನು ಮೈಲಿಯಲ್ಲಿ ಹೇಳಿದರೆ ನಮ್ಮ ಕಡೆ ಯಾರಿಗೂ ಸಮಾಧಾನವಾಗುತ್ತಿರಲಿಲ್ಲ. ಸೊರಬ ಎಷ್ಟು ದೂರ ಎಂದರೆ, ರೊಟ್ಟಿ ತಿಂದು ಗಾಡಿ ಕಟ್ಟಿದರೆ ಮಧ್ಯಾಹ್ನದ ಊಟಕ್ಕೆ ಎನ್ನಬೇಕು. ಪಕ್ಕದ ಹಳ್ಳಿ ಎಂದರೆ, ಒಂದು ಸಲ ಎಲೆಅಡಿಕೆ ಹಾಕಿಕೊಂಡು ಉಗಿಯುವಷ್ಟು ದೂರ. ಅಂದರೆ ಅವರಿಗೆ ದೂರವೇ ಹೊತ್ತು, ಹೊತ್ತೇ ದೂರ. ನಾನು ಹೈಸ್ಕೂಲು ಮುಗಿಸಿದವನು, ಮೊದಮೊದಲು ಇದನ್ನು ಕೇಳಿ ನಗುತ್ತಿದ್ದೆ. ಆಮೇಲೆ ನನ್ನ ಬಾಯಲ್ಲೂ ಅದೇ ಬರತೊಡಗಿತು.

ಹೊತ್ತು ಹೇಳುವುದೂ ಸುಲಭವಿರಲಿಲ್ಲ. ಒಮ್ಮೆ ಚಂದ್ರಗುತ್ತಿಯ ಒಬ್ಬ ಅಜ್ಜಿ ಪೇಟೆಗೆ ಬಂದಿದ್ದವಳು ವಾಪಸು ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು. ಮೂರು ಗಂಟೆ ಎಂದೆ. “ಗಂಟೆ ನಂಗೆ ಗೊತ್ತಾಗದಿಲ್ಲ ಮಾರಾಯ, ನೆಳ್ಳು ಎಲ್ಲಿಗೆ ಬರತ್ತೆ ಹೇಳು” ಅಂದಳು. ಆಫೀಸಿನ ಮುಂದಿನ ಬೇವಿನ ಮರದ ನೆರಳು ಚರಂಡಿ ಕಲ್ಲಿಗೆ ಬಂದಾಗ ಎಂದು ತೋರಿಸಿದೆ. ಮಧ್ಯಾಹ್ನ ಮೋಡ ಕವಿಯಿತು. ಬಸ್ಸು ಹೋಗಿ ಎಷ್ಟೋ ಹೊತ್ತಾದ ಮೇಲೆ ಅವಳು ಚೀಲ ಹೊತ್ತುಕೊಂಡು ಬಂದು, “ನಿನ್ ಗಡಿಯಾರ ನಿಂತಿತ್ತಲ್ಲೋ” ಎಂದು ನನ್ನನ್ನೇ ಗದರಿಸಿದಳು. ಸೊರಬಕ್ಕೆ ಹೋಗುವ ಒಂದು ಲಾರಿಯಲ್ಲಿ ಅವಳನ್ನು ಹತ್ತಿಸಿ ಕೈಮುಗಿದೆ. ಅಂದಿನಿಂದ ಗಂಟೆಯ ಜೊತೆಗೆ ಇನ್ನೊಂದು ಗುರುತು, ಶಾಲೆಯ ಗಂಟೆಯೋ, ಹಾಲಿನವನು ಬರುವ ಹೊತ್ತೋ, ಏನಾದರೊಂದನ್ನು ಸೇರಿಸಿ ಹೇಳುವುದು ರೂಢಿಯಾಯಿತು.

ಮಾಲೀಕರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ರಾಚಪ್ಪನವರು. ಆಳು ದಪ್ಪ, ದನಿ ಇನ್ನೂ ದಪ್ಪ. ಅವರದು ಒಂದೇ ಕಾನೂನು: ಬಸ್ಸು ತುಂಬದೆ ಹೊರಡಬಾರದು. ಬೋರ್ಡಿನಲ್ಲಿ ಬರೆದ ಹೊತ್ತು ಪೊಲೀಸರಿಗೆ ತೋರಿಸಲಿಕ್ಕೆ. ನಾನು ಜನರಿಗೆ “ಈಗ ಹೊರಡ್ತದೆ, ಹತ್ರಿ ಹತ್ರಿ” ಎನ್ನುತ್ತಿರಬೇಕು, ಡ್ರೈವರ್ ಹುಸೇನ್ ಸಾಬರು ಆಗಾಗ ಇಂಜಿನ್ ಚಾಲೂ ಮಾಡಿ ಗುರುಗುಟ್ಟಿಸುತ್ತಿರಬೇಕು, ಬಸ್ಸು ಮಾತ್ರ ನಿಂತಲ್ಲೇ ನಿಂತಿರಬೇಕು. ಅದರಲ್ಲೂ ಮಂಗಳವಾರ ನಮಗೆ ಶನಿಕಾಟ. ಆ ದಿನ ನಮ್ಮ ಕಡೆ ಯಾರೂ ಪರಊರಿಗೆ ಹೊರಡುವುದಿಲ್ಲ. ಹಾಗಾಗಿ ಮಂಗಳವಾರದ ಹಾವೇರಿ ಬಸ್ಸು ಕೆಲವೊಮ್ಮೆ ರೈಲನ್ನೂ ತಪ್ಪಿಸುತ್ತಿತ್ತು. ಬೈಗುಳ ತಿನ್ನುವವನು ಏಜೆಂಟ.

ಇಂಥ ಬಸ್ಸಿಗೆ ಒಂದು ಸೋಮವಾರ ಮಧ್ಯಾಹ್ನ ಮೈಲಾರಪ್ಪ ಎಂಬವನು ಟಿಕೆಟ್ ಕೇಳಿಕೊಂಡು ಬಂದ. ಸೊರಬದ ದಾರಿಯ ಒಂದು ಹಳ್ಳಿಯ ಕುರಿ ಸಾಕುವವನು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತಕಲಿ. ನಡೆಯುವಾಗ, ನಿಂತಾಗ, ಮಾತಾಡುವಾಗ, ಅವನ ಕೈ ಉಣ್ಣೆ ನೂಲುತ್ತಲೇ ಇರುತ್ತಿತ್ತು. ಹಿಂದೆ ಅವನ ಮಗ ಬೀರಪ್ಪ, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು.

“ಏಜೆಂಟ್ರೇ, ಬುಧವಾರ ಮುಂಜಾನಿ ಬಸ್ಸಿಗೆ ಒಂದು ಸೀಟು ಬೇಕ್ರಿ. ನಮ್ ಹುಡುಗ ಆಸ್ಟ್ರೇಲಿಯಾಕ್ಕ ಹೊಂಟಾನ.”

“ನಮ್ ಬಸ್ಸು ಹಾವೇರಿ ತನಕ ಮಾತ್ರ ಹೋಗ್ತತಿ ಮೈಲಾರಣ್ಣ” ಎಂದೆ.

ಅವನು ನಗಲಿಲ್ಲ. ಮಗ ವಿಷಯ ಹೇಳಿದ. ಅವನು ಸರ್ಕಾರದ ಕುರಿ ಸಾಕಣೆ ಕೇಂದ್ರದಲ್ಲಿ ಸ್ಟಾಕ್‌ಮನ್, ಅಂದರೆ ದನದ ಡಾಕ್ಟರ ಕೈಕೆಳಗಿನ ಸಹಾಯಕ. ಉಣ್ಣೆ ತಳಿ, ಕುರಿಗಳ ರೋಗ ಇವನ್ನು ಕಲಿಯಲು ಒಂದು ವರ್ಷ ಆಸ್ಟ್ರೇಲಿಯಾಕ್ಕೆ ಕಳಿಸುತ್ತಿದ್ದರು. ಹಿಂದೊಮ್ಮೆ ಇವನ ಹೆಸರು ಪಟ್ಟಿಗೆ ಬಂದು ಕಡೆಗೆ ಬೇರೆಯವನು ಹೋಗಿದ್ದ. ಈ ಸಲವೂ ಒಬ್ಬ ಬದಲಿ ಆಳನ್ನು ತಯಾರಾಗಿ ಇಟ್ಟಿದ್ದಾರೆ, ವಿಮಾನ ತಪ್ಪಿದರೆ ಅವನ ಪಾಲು, ಇನ್ನು ಬೀರಪ್ಪನ ವಯಸ್ಸಿಗೆ ಮತ್ತೆ ಕರೆಯಿಲ್ಲ.

“ಎಲ್ಡು ಮಳಿಗಾಲದಾಗ ನಮ್ ಹಟ್ಟಿ ಅರ್ಧ ಖಾಲಿ ಆತ್ರಿ” ಎಂದ ಮೈಲಾರಪ್ಪ. “ಸಂಜಿಗೆ ಆಡ್ತಿದ್ದ ಮರಿ ಮುಂಜಾನಿಗೆ ಇಲ್ಲ. ಯಾಕ ಅಂತ ಯಾರಿಗೂ ಗೊತ್ತಿಲ್ಲ. ಇವ ಕಲ್ತು ಬಂದ್ರ ನಮ್ಮದಷ್ಟ ಅಲ್ಲ, ಈ ಸೀಮಿ ಕುರಿ ಎಲ್ಲಾ ಉಳಿತಾವ.”

ಆಗ ಬೆಂಚಿನ ಮೇಲೆ ಶಾಂತಪ್ಪ ಮೇಷ್ಟ್ರು ಪತ್ರಿಕೆ ಓದುತ್ತ ಕೂತಿದ್ದರು. ಮಿಡ್ಲ್ ಸ್ಕೂಲಿನಲ್ಲಿ ಭೂಗೋಳ ಹೇಳುವವರು. ಆಸ್ಟ್ರೇಲಿಯಾ ಎಂಬ ಹೆಸರು ಕಿವಿಗೆ ಬಿದ್ದದ್ದೇ ಪತ್ರಿಕೆ ಮಡಿಚಿಟ್ಟು ಶಾಲೆಗೆ ಹೋಗಿ ಗೋಳವನ್ನು ಎದೆಗವಚಿಕೊಂಡು ಬಂದರು. ವರ್ಷವಿಡೀ ಮಕ್ಕಳಿಗೆ ಪಾಠದಲ್ಲಿ ಹೇಳಿದ ದೇಶಕ್ಕೆ ನಿಜವಾಗಿ ಹೋಗುವವನೊಬ್ಬ ಈಗ ಅವರಿಗೆ ಸಿಕ್ಕಿದ್ದ.

“ಮುಂಬಯಿಯಿಂದ ಸಿಡ್ನಿಗೆ ಎಷ್ಟು ದೂರ, ಈಗಲೇ ಅಳೆಯೋಣ. ಒಂದು ದಾರ ಕೊಡಿ” ಎಂದರು. ದಾರ ಯಾರ ಹತ್ತಿರವೂ ಇರಲಿಲ್ಲ. ಮೈಲಾರಪ್ಪ ತಕಲಿಯಿಂದ ಮೂರು ಮೊಳ ನೂಲು ಬಿಚ್ಚಿ ಹರಿದುಕೊಟ್ಟ. ಉಣ್ಣೆ ಹಿಗ್ಗುತ್ತೆ, ಲೆಕ್ಕ ತಪ್ಪುತ್ತೆ ಎಂದು ಮೇಷ್ಟ್ರು ರಾಗ ಎಳೆದರು. “ನನ್ನ ನೂಲು ಹಿಗ್ಗಂಗಿಲ್ರಿ” ಎಂದು ಮೈಲಾರಪ್ಪ ಖಂಡಿತವಾಗಿ ಹೇಳಿದ.

ಮೇಷ್ಟ್ರು ಗೋಳದ ನಡುವಿಗೆ ನೂಲನ್ನು ಉಡಿದಾರದಂತೆ ಒಂದು ಸುತ್ತು ಸುತ್ತಿ ಅಲ್ಲಿಗೆ ಹರಿದರು. ಇದು ಭೂಮಿಯ ಒಂದು ಸುತ್ತು, ಇಪ್ಪತ್ತೈದು ಸಾವಿರ ಮೈಲಿ. ಅದನ್ನು ಮಡಿಚಿ ನಾಲ್ಕು ಪಾಲು ಮಾಡಿದರು. ಒಂದು ಪಾಲಿನ ತುದಿಯನ್ನು ಮುಂಬಯಿ ಮೇಲಿಟ್ಟು ಬಿಗಿಯಾಗಿ ಎಳೆದರೆ ಇನ್ನೊಂದು ತುದಿ ಸಿಡ್ನಿಯ ಮೇಲೆ ಹೋಗಿ ಕೂತಿತು. ಮೇಷ್ಟ್ರಿಗೇ ಆಶ್ಚರ್ಯ. “ಭೂಮಿಯ ಕಾಲು ಸುತ್ತು ಕಣ್ರೀ. ಆರು ಸಾವಿರ ಮೈಲಿಗೂ ಮಿಕ್ಕಿತು.”

“ಮೈಲಿ ಬ್ಯಾಡ್ರಿ ಮೇಷ್ಟ್ರೇ. ಕುರಿ ಹೊಡ್ಕಂಡು ಹೋದ್ರ ಎಷ್ಟು ದಿನ, ಅದನ್ನ ಹೇಳ್ರಿ.”

ಮೇಷ್ಟ್ರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಬೇರೆಯವರಾಗಿದ್ದರೆ ನಕ್ಕುಬಿಡುತ್ತಿದ್ದರು. ಅವರು ನಗಲಿಲ್ಲ. ಮಂದೆ ದಿನಕ್ಕೆ ಎಷ್ಟು ನಡೆಯುತ್ತದೆ ಎಂದು ಕೇಳಿ, ಸೀಮೆಸುಣ್ಣದಿಂದ ನನ್ನ ಟೇಬಲ್ಲಿನ ಮೇಲೇ ಭಾಗಿಸಿ, ಹತ್ತಿರ ಹತ್ತಿರ ಎರಡು ವರ್ಷ ಎಂದರು. ನಡುವೆ ಸಮುದ್ರ ಇದೆ ಎಂದೂ ಸೇರಿಸಿದರು.

“ಸಮುದ್ರ ಇರವಲ್ದ್ಯಾಕ. ಮರಿ ಹಾಕೋ ಕಾಲದಾಗ ನಿಂದರಬೇಕಲ್ರಿ, ಮೂರು ವರ್ಷ ಅನ್ರಿ. ವಿಮಾನಕ್ಕ?”

“ಅಲ್ಲಲ್ಲಿ ಇಳಿದು ಎಣ್ಣೆ ಹಾಕಿಸಿಕೊಂಡು ಹೋಗುತ್ತೆ. ಎಲ್ಲ ಸೇರಿ ಒಂದೂವರೆ ದಿನ.”

“ಇಲ್ಲಿಂದ ಬೊಂಬಾಯಿಗೆ?” ಎಂದು ನನ್ನ ಕಡೆ ತಿರುಗಿದ.

ನಾನು ನನ್ನ ಬಸ್ಸು, ಹಾವೇರಿಯ ಸಂಜೆಯ ಮೇಲ್ ರೈಲು, ಪುಣೆಯಲ್ಲಿ ಗಾಡಿ ಬದಲಿಸುವುದು ಎಲ್ಲ ಕೂಡಿಸಿದೆ. ಇಂದು ಬೆಳಿಗ್ಗೆ ಹೊರಟರೆ ನಾಳೆ ರಾತ್ರಿ ಊಟದ ಹೊತ್ತು. ಅದೂ ಒಂದೂವರೆ ದಿನವೇ.

ಮೈಲಾರಪ್ಪನ ತಕಲಿ ನಿಂತಿತು. “ಹಂಗಾರ ಬೊಂಬಾಯಿ ಎಷ್ಟು ದೂರನೋ ಅಲ್ಲಿಂದ ಆಸ್ಟ್ರೇಲಿಯಾನೂ ಅಷ್ಟ ದೂರ. ಇವರವ್ವ ಸುಮ್ನ ಅಳಾಕ ಹತ್ಯಾಳ” ಎಂದ. ಇಷ್ಟು ದಿನ ಎದೆಯ ಮೇಲಿದ್ದ ಒಂದು ಭಾರವನ್ನು ಅವನು ಅಲ್ಲಿ ಇಳಿಸಿದ್ದನ್ನು ನಾನು ಕಣ್ಣಾರೆ ಕಂಡೆ. ನನಗೂ ಖುಷಿಯಾಯಿತು.

ಮೇಷ್ಟ್ರಿಗೆ ಹುರುಪು ಬಂದಿತ್ತು. ವಿಮಾನ ಯಾವ ಯಾವ ಊರಿನ ಮೇಲೆ ಯಾವಾಗ ಹೋಗುತ್ತದೆ ಎಂದು ನೂಲು ಹಿಡಿದು ಹೇಳುತ್ತ ಹೋದರು. ಟಿಕೆಟ್ಟಿನಲ್ಲಿ ಗುರುವಾರ ಒಂದೂವರೆ ಗಂಟೆ ಎಂದಿತ್ತು, ಮಧ್ಯಾಹ್ನದ್ದಲ್ಲ, ರಾತ್ರಿಯದು ಎಂದು ಬೀರಪ್ಪ ಮೊದಲೇ ಹೇಳಿದ್ದ. ಗುರುವಾರ ರಾತ್ರಿ ಒಂದೂವರೆಗೆ ಎದ್ದರೆ ಮದರಾಸಿನಲ್ಲಿ ಇಳಿದು, ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಸಿಂಗಪುರ ಎಂದರು ಮೇಷ್ಟ್ರು.

ಬೀರಪ್ಪ ಮೆಲ್ಲಗೆ, “ಇಲ್ಲ ಸಾರ್. ಗುರುವಾರ ರಾತ್ರಿ ಊಟ ಸಿಂಗಪುರದಾಗ ಅಂತ ನಮ್ ಸಾಹೇಬರು ಹೇಳಿದ್ರು. ಅಲ್ಲಿ ಅನ್ನ ಸಿಗ್ತತಿ, ಹೆದರಬ್ಯಾಡ ಅಂದಿದ್ರು” ಎಂದ.

“ಗುರುವಾರ ರಾತ್ರಿ ಇಲ್ಲಿ ಹೊರಟವನು ಗುರುವಾರ ರಾತ್ರಿ ಅಲ್ಲಿ ಊಟಕ್ಕೆ ಕೂರೋದು ಹೇಗಯ್ಯಾ?”

ಅಲ್ಲಿ ಗಡಿಯಾರ ಹಿಂದೆ ಇರಬಹುದು ಎಂದು ನಾನು ನನ್ನ ಬುದ್ಧಿ ತೋರಿಸಿದೆ. ಮೇಷ್ಟ್ರು ತಲೆಯಾಡಿಸಿದರು. “ಪೂರ್ವಕ್ಕೆ ಹೋಗ್ತಿದಾನೆ ಕಣ್ರೀ. ಅಲ್ಲಿ ನಮಗಿಂತ ಮೊದಲೇ ಬೆಳಗಾಗುತ್ತೆ. ಗಡಿಯಾರ ಮುಂದಿರುತ್ತೆ.” ಹಾಗೆನ್ನುತ್ತಲೇ ಅವರ ದನಿ ಇಳಿಯಿತು. ಗೋಳವನ್ನು ಟೇಬಲ್ಲಿನ ಮೇಲಿಟ್ಟರು. “ಸಾಹೇಬರು ಹೇಳಿದ್ದು ಸರಿ. ನಾವೇ ತಪ್ಪು. ಅದು ನಮ್ಮ ಗುರುವಾರ ಅಲ್ಲ.”

ನೀವು ಈಗ ನಗಬಹುದು. ಆದರೆ ನಮ್ಮ ಕಡೆ ಗುರುವಾರ ಹುಟ್ಟುವುದು ಗುರುವಾರದ ಸೂರ್ಯನ ಜೊತೆಗೆ. ಬುಧವಾರ ಊಟ ಮಾಡಿ ಮಲಗಿದರೆ ಕೋಳಿ ಕೂಗುವ ತನಕ ಬುಧವಾರ ರಾತ್ರಿಯೇ. ಪಂಚಾಂಗದಲ್ಲೂ ಹಾಗೇ, ಬಾಯಲ್ಲೂ ಹಾಗೇ. ವಿಮಾನದವರ ಗುರುವಾರ ಮಾತ್ರ ನಮ್ಮ ಬುಧವಾರದ ನಡುರಾತ್ರಿಯಲ್ಲೇ, ಎಲ್ಲರೂ ಮಲಗಿದ್ದಾಗ ಹುಟ್ಟಿಬಿಡುತ್ತದೆ. ನಮ್ಮ ಬಸ್ಸುಗಳು ಕತ್ತಲಾದ ಮೇಲೆ ಓಡುತ್ತಿರಲಿಲ್ಲ, ಆ ಸರಿಹೊತ್ತಿನ ಗಂಟೆಯ ಜೊತೆ ಅಲ್ಲಿದ್ದ ಯಾರಿಗೂ ವ್ಯವಹಾರವೇ ಇರಲಿಲ್ಲ. ಬುಧವಾರ ಬೆಳಿಗ್ಗೆ ಹೊರಟು ಗುರುವಾರ ರಾತ್ರಿ ಮುಂಬಯಿಯಲ್ಲಿ ಇಳಿಯುವ ಹೊತ್ತಿಗೆ ಬೀರಪ್ಪನ ವಿಮಾನ ಅವನನ್ನು ಬಿಟ್ಟು ಸಿಂಗಪುರ ಮುಟ್ಟಿರುತ್ತಿತ್ತು.

ನಾನು ದಿನಗಳನ್ನು ಬೆರಳಲ್ಲಿ ಹಿಂದಕ್ಕೆ ಎಣಿಸಿದೆ. ಉಳಿದಿದ್ದು ಒಂದೇ ಬಸ್ಸು, ಮಾರನೆಯ ಬೆಳಿಗ್ಗೆಯದು. ಮಂಗಳವಾರದ್ದು.

“ಮಂಗಳವಾರ ಇವರವ್ವ ಹೊಸ್ತಿಲ ದಾಟಾಕ ಬಿಡಂಗಿಲ್ರಿ” ಎಂದ ಮೈಲಾರಪ್ಪ. “ನಾನೂ ಕಳ್ಸಂಗಿಲ್ಲ. ವರ್ಷಗಟ್ಲೆ ಹೊಂಟವನ್ನ ಮಂಗಳವಾರ ಹ್ಯಾಂಗ ಕಳಸ್ಲಿ?”

“ಅಪ್ಪ, ಈ ಸಲ ತಪ್ಪಿದ್ರ ಮುಗೀತು” ಎಂದ ಬೀರಪ್ಪ. ಅಷ್ಟೇ ಹೇಳಿ ರಸ್ತೆಯ ಕಡೆ ಮುಖ ತಿರುಗಿಸಿದ.

ಮೇಷ್ಟ್ರು ವಾರ ಗೀರ ಎಲ್ಲ ಮನುಷ್ಯ ಮಾಡಿಕೊಂಡದ್ದು ಎಂದು ಪಾಠ ಶುರುಮಾಡಿದರು. ನಾನು ಅವರ ಕೈ ಅದುಮಿ ನಿಲ್ಲಿಸಿದೆ. ಏಜೆಂಟನ ಕೆಲಸದಲ್ಲಿ ಕಲಿತದ್ದು ಏನಾದರೂ ಇದ್ದರೆ ಇದು: ಹೊರಡುವವನ ಮನೆಯ ನಂಬಿಕೆಯ ಜೊತೆ ವಾದಕ್ಕೆ ಇಳಿಯಬಾರದು, ಅದರ ಒಳಗೇ ದಾರಿ ಇದೆಯೇ ನೋಡಬೇಕು. ಇತ್ತು. ನಮ್ಮ ತಾಯಿ ಮಾಡುತ್ತಿದ್ದದ್ದೇ.

“ಮೈಲಾರಣ್ಣ, ಇವತ್ತು ಸೋಮವಾರ. ಒಳ್ಳೇ ದಿನ. ಪ್ರಸ್ಥಾನ ಇಡು” ಎಂದೆ.

ಹೊರಡಬೇಕಾದ ದಿನ ಸರಿಯಿಲ್ಲದಿದ್ದರೆ ಹಿಂದಿನ ಒಳ್ಳೆಯ ದಿನ ಹೋಗುವವನ ಒಂದು ವಸ್ತುವನ್ನು ಅವನ ಮನೆಯಿಂದಾಚೆ, ಹೋಗುವ ದಾರಿಯಲ್ಲಿ, ಇನ್ನೊಬ್ಬರ ಕಡೆ ಇಟ್ಟುಬಿಡುವುದು. ಅಲ್ಲಿಗೆ ಅವನು ಆ ದಿನವೇ ಹೊರಟಂತೆ ಲೆಕ್ಕ. ಮೈಲಾರಪ್ಪ ಯೋಚಿಸಿದ. ಮಗನ ಸಾಮಾನೆಲ್ಲ ಊರಲ್ಲಿತ್ತು. ಆಮೇಲೆ ತನ್ನ ಹೆಗಲ ಕಂಬಳಿ ತೆಗೆದು ಮಗನಿಗೆ ಹೊದಿಸಿದ. “ಈಗ ಇದು ನಿಂದು. ತಗದು ಏಜೆಂಟ್ರ ಟೇಬಲ್ ಮ್ಯಾಲ ಇಡು” ಎಂದ. ಬೀರಪ್ಪ ಇಟ್ಟ. ಮೈಲಾರಪ್ಪ ಅದಕ್ಕೆ ಕೈಮುಗಿದು, “ನಮ್ ಹುಡುಗ ಸೋಮವಾರ ಹೊಂಟ. ನಾಳೆ ಹೋಗಾದು ಬರೇ ಬಸ್ಸು” ಎಂದ.

ಇನ್ನು ರಾಚಪ್ಪನವರು ಉಳಿದಿದ್ದರು. ಮನೆಗೆ ಹೋಗಿ ಎಲ್ಲ ಹೇಳಿ, ನಾಳೆ ಬಸ್ಸನ್ನು ಹೊತ್ತಿಗೆ ಸರಿಯಾಗಿ ಬಿಡಬೇಕು ಎಂದೆ. “ಮಂಗಳವಾರ ಬಸ್ಸು ತುಂಬೋದು ಎಷ್ಟೊತ್ತಿಗೆ ಅಂತ ನಿಂಗೊತ್ತಿಲ್ಲೇನು? ಒಬ್ಬನ ಸಲುವಾಗಿ ಖಾಲಿ ಓಡಿಸ್ಲಾ?” ಎಂದು ಗುಡುಗಿದರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನಾನು ಬೇಜಾರಿನಲ್ಲಿ ಮನೆಗೆ ಬಂದೆ.

ಬೆಳಿಗ್ಗೆ ಬೀರಪ್ಪ ಟ್ರಂಕು ಹೊತ್ತುಕೊಂಡು ಬಂದು ಟೇಬಲ್ಲಿನ ಮೇಲಿದ್ದ ಕಂಬಳಿ ಎತ್ತಿಕೊಂಡ. ತಾಯಿ ಹಾಲಮ್ಮ ಕಣ್ಣೊರಸಿಕೊಳ್ಳುತ್ತ ಬುತ್ತಿಯ ಗಂಟು ಹಿಡಿದು ಬಂದಿದ್ದಳು. ಬಸ್ಸಿನಲ್ಲಿ ನಾಲ್ಕು ಜನವೂ ಇರಲಿಲ್ಲ. ಬೋರ್ಡಿನ ಹೊತ್ತು ಬಂತು. ಹುಸೇನ್ ಸಾಬರು ನನ್ನ ಮುಖ ನೋಡಿದರು, ನಾನು ರಸ್ತೆ ನೋಡಿದೆ. ಆಗ ರಾಚಪ್ಪನವರು ಕೊಡೆ ಊರಿಕೊಂಡು ಬಂದರು. ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಪೂರ್ತಿ ಹರಡಿಕೊಂಡು ಕೂತರು.

“ಹೊರಡ್ಸೋ ಸಾಬಾ. ನಾನು ಕುಂತ ಮ್ಯಾಲೆ ಬಸ್ಸು ತುಂಬಿದಂಗೇ.”

ಹುಸೇನ್ ಸಾಬರು ದಾರಿಯಲ್ಲಿ ಎಲ್ಲೂ ಯಾರಿಗೂ ಕಾಯಲಿಲ್ಲವಂತೆ. ಆನವಟ್ಟಿಯಲ್ಲಿ ಚಹಾಕ್ಕೂ ಇಳಿಯಲಿಲ್ಲವಂತೆ. ಮಾಲೀಕರು ಹಾವೇರಿ ಸ್ಟೇಷನ್ನಿನಲ್ಲಿ ತಾವೇ ನಿಂತು ಬೀರಪ್ಪನನ್ನು ಮೇಲ್ ರೈಲಿಗೆ ಹತ್ತಿಸಿ, ಪುಣೆಯಲ್ಲಿ ಮಲಗಿಬಿಡಬೇಡ ಎಂದು ಎರಡೆರಡು ಸಲ ಹೇಳಿ ಬಂದರು. ಅವರ ಕೈಕೆಳಗೆ ಎಷ್ಟೋ ಬೈಗುಳ ತಿಂದಿದ್ದೇನೆ. ಆ ಒಂದು ದಿನಕ್ಕಾಗಿ ಅವರನ್ನು ಇವತ್ತಿಗೂ ಪ್ರೀತಿಸುತ್ತೇನೆ.

ಆಮೇಲೆ ಸರ್ಕಾರಿ ಬಸ್ಸುಗಳು ಬಂದವು, ನಾನೂ ಅಲ್ಲಿಗೇ ಸೇರಿದೆ, ರಾತ್ರಿ ಬಸ್ಸುಗಳು ಬಂದವು, ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಬಂತು. ಬೋರ್ಡಿನಲ್ಲಿ ಸೊನ್ನೆ ಹಾಕಿ ಬರೆದ ಹೊತ್ತು ನೋಡಿ ಒಂದು ದಿನ ತಡವಾಗಿ ಬಂದವರನ್ನು ನೀವೂ ನೋಡಿದ್ದೀರಿ, ಅವರಿಗೆ ಓದಲು ಬರುವುದಿಲ್ಲವೇ ಎಂದು ರೇಗಿದ್ದೀರಿ. ರೇಗಬೇಡಿ. ನಡುರಾತ್ರಿ ದಾಟಿದ ಬಸ್ಸಿಗೆ ಟಿಕೆಟ್ ಕೊಡುವಾಗ ತಾರೀಖು ಹೇಳಿ ಸುಮ್ಮನಾಗದೆ, ಯಾವ ವಾರದ ರಾತ್ರಿ ಊಟ ಮಾಡಿ ಎದ್ದು ಬರಬೇಕು ಎಂದು ಹೇಳಿ. ನಾನು ನಿವೃತ್ತಿಯಾಗುವ ದಿನದವರೆಗೂ ಹಾಗೇ ಹೇಳಿದ್ದೇನೆ.

ಮತ್ತೆ ಆ ವಾರಕ್ಕೇ ಬರುತ್ತೇನೆ. ಬೀರಪ್ಪ ರೈಲು ಹತ್ತಿದ್ದೇನೋ ಗೊತ್ತಾಯಿತು. ಮುಂದಿನದು ಆಗ ಯಾರಿಗೂ ಗೊತ್ತಿರಲಿಲ್ಲ. ಪುಣೆಯಲ್ಲಿ ಗಾಡಿ ಸಿಕ್ಕಿತೋ, ಮುಂಬಯಿಯಲ್ಲಿ ವಿಮಾನ ನಿಲ್ದಾಣದ ದಾರಿ ಯಾರಾದರೂ ಹೇಳಿದರೋ, ಹತ್ತಿದನೋ ಇಲ್ಲವೋ. ಅಲ್ಲಿಂದ ಕಾಗದ ಬರಲು ಎಷ್ಟು ದಿನವೋ.

ಶುಕ್ರವಾರ ಸಂಜೆ ಹಾವೇರಿ ಬಸ್ಸು ಬರುವ ಹೊತ್ತಿಗೆ ಮೈಲಾರಪ್ಪ ಬಂದು ಬೇವಿನ ಮರದ ಕೆಳಗೆ ನಿಂತ. ಯಾರಿಗೆ ಕಾಯುತ್ತಿದ್ದೀಯ ಎಂದು ಕೇಳಿದೆ.

“ವಿಮಾನ ತಪ್ಪಿದ್ರ ಇವತ್ತೋ ನಾಳೆಯೋ ಇದ ಬಸ್ಸಿಗೆ ತಿರುಗಿ ಬರ್ಬೇಕಲ್ರಿ. ಬರಬಾರ್ದು ಅಂತ ಕಾಯಾಕ ಹತ್ತೀನಿ.”

ಬಸ್ಸು ಬಂತು. ಇಳಿಯುವ ಒಬ್ಬೊಬ್ಬರ ಮುಖವನ್ನೂ ಅವನು ನೋಡಿದ. ಪ್ಯಾಂಟು ಹಾಕಿದ ಒಬ್ಬ ಹುಡುಗ ಬೆನ್ನು ತಿರುಗಿಸಿ ಇಳಿದಾಗ ಅವನ ತಕಲಿ ಕೈಯಿಂದ ಜಾರಿ ಬಿತ್ತು. ಯಾರೋ ಬೇರೆಯವನು. ಎಲ್ಲರೂ ಇಳಿದ ಮೇಲೆ ಮೈಲಾರಪ್ಪ ತಾನೇ ಬಸ್ಸು ಹತ್ತಿ ಹಿಂದಿನ ಸೀಟಿನ ತನಕ ನೋಡಿಕೊಂಡು ಬಂದ. ಶನಿವಾರವೂ ಬಂದ, ಹಾಗೇ ಮಾಡಿದ. ಭಾನುವಾರ ಹಾಲಮ್ಮನೂ ಜೊತೆಗಿದ್ದಳು. ಅಂದು ನಾನು, ಮೇಷ್ಟ್ರು, ಕೊಡೆ ಊರಿಕೊಂಡ ರಾಚಪ್ಪನವರು, ಎಲ್ಲರೂ ಬಾಗಿಲಿನ ಮುಂದೆ ನಿಂತಿದ್ದೆವು.

ಜನ ಇಳಿದರು. ಮೂಟೆಗಳು ಇಳಿದವು. ಕಡೆಗೆ ಕಂಡಕ್ಟರ್ ಚೀಲ ಹೆಗಲಿಗೆ ಹಾಕಿಕೊಂಡು ಇಳಿದು, “ಒಳಗ ಯಾರೂ ಇಲ್ಲ” ಎಂದು ಬಾಗಿಲು ಎಳೆದ.

ನನ್ನ ಕೆಲಸದ ಉದ್ದಕ್ಕೂ ಬಸ್ಸಿನಿಂದ ತಮ್ಮವರು ಇಳಿಯಲಿಲ್ಲವೆಂದು ಕಣ್ಣೀರು ಹಾಕಿದವರನ್ನು ಬೇಕಾದಷ್ಟು ನೋಡಿದ್ದೇನೆ. ಇಳಿಯಲಿಲ್ಲವೆಂದು ನಕ್ಕವರನ್ನು ನೋಡಿದ್ದು ಅದೊಂದೇ ಸಲ. ಹಾಲಮ್ಮ ಸೆರಗು ಬಾಯಿಗೆ ಹಿಡಿದು ಅಳುತ್ತಲೇ ನಗುತ್ತಿದ್ದಳು. ಮೈಲಾರಪ್ಪ ಮುಚ್ಚಿದ ಬಾಗಿಲನ್ನು ಒಂದು ಸಲ ಕೈಯಿಂದ ಸವರಿ, ನಮ್ಮ ಕಡೆ ತಿರುಗಿದ.

“ಮುಟ್ಟ್ಯಾನ್ರಿ ನಮ್ ಹುಡುಗ” ಎಂದ.